ಮೇ ಆರರ ಕರಡು

“ಕಪಾಟು ತೆರೆದು ನೋಡುವ ಮೊದಲೇ ಅದರಲ್ಲಿ ವರದಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಮಹಾಬಲ?”

ಕಾರ್ಖಾನೆಗಳ ಇಲಾಖೆಯ ಉಪನಿರ್ದೇಶಕ ಮಹಾಬಲ ಆಳ್ವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಮತ್ತೆ ತೆಗೆದರು.

“ಯಾವ ವರದಿ ಶಶಿಯಕ್ಕ?”

“ಒಂಬತ್ತು ತಿಂಗಳಿಂದ ಈ ಕಚೇರಿಯಲ್ಲಿ ಒಂದೇ ವರದಿಯ ಮಾತು ನಡೀತಾ ಉಂಟು ಮಾರಾಯ್ರೆ. ಬೇರೆ ಯಾವುದನ್ನು ಕೇಳ್ಲಿಕ್ಕೆ ಬರ್ತೇನೆ ನಾನು?”

ಕಳೆದ ಮೇ ನಾಲ್ಕರಂದು ಬೈಕಂಪಾಡಿಯ ಮೀನಿನ ಕಾರ್ಖಾನೆಯೊಂದರಲ್ಲಿ ಅಮೋನಿಯಾ ಸೋರಿ, ಸಿಗಡಿ ಸುಲಿಯುವ ಕೆಲಸದ ಕುಶಲಾ ಸತ್ತಿದ್ದಳು. ಆ ಕಾರ್ಖಾನೆಯನ್ನು ಕೂಡಲೇ ನಿಲ್ಲಿಸಬೇಕೆಂದು ಸಾವಿಗೆ ಇಪ್ಪತ್ತೈದು ದಿನ ಮೊದಲೇ ಬರೆದಿದ್ದ ತಪಾಸಣಾ ವರದಿ ಈ ಕಚೇರಿಯಿಂದ ಕಾಣೆಯಾಗಿತ್ತು. ತಪ್ಪು ದಾಖಲೆ ಗುಮಾಸ್ತ ಪ್ರೇಮನಾಥ ಪುತ್ರನ್‌ನ ತಲೆಗೆ ಬಂದಿತ್ತು. ಮೊದಲು ಅಮಾನತು, ಆಮೇಲೆ ಇಲಾಖಾ ವಿಚಾರಣೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಬೆಂಗಳೂರಿನಿಂದ ಬರುವ ಆಯುಕ್ತರ ಎದುರು ಕೊನೆಯ ಹಾಜರಾತಿ. ಅದು ಮುಗಿದರೆ ಕಡ್ಡಾಯ ನಿವೃತ್ತಿ.

ಶಶಿಪ್ರಭಾ ರೈ ಅವನ ರಕ್ಷಣಾ ಸಹಾಯಕಿ. ವಿಚಾರಣೆಗೆ ಸಿಕ್ಕಿದ ನೌಕರನ ಪಕ್ಕದಲ್ಲಿ ಕುಳಿತು ಅವನ ಪರ ಮಾತಾಡಲು ನಿವೃತ್ತ ನೌಕರರಿಗೆ ಅವಕಾಶವಿದೆ. ಅವರ ಕೈಯಲ್ಲಿದ್ದದ್ದು ನಿನ್ನೆ ಸಂಜೆಯಷ್ಟೇ ಸಿಕ್ಕಿದ ಎರಡು ಹಾಳೆ.

ಒಂದನ್ನು ಮೇಜಿನ ಮೇಲಿಟ್ಟರು.

“ಇದು ಪೊಲೀಸರ ಪತ್ರ. ‘ಆ ಕಾರ್ಖಾನೆಯ ತಪಾಸಣಾ ವರದಿ ಕಳುಹಿಸಿ’ ಅಂತ. ನಿಮ್ಮಲ್ಲಿಗೆ ಬಂದದ್ದು ಮೇ ಎಂಟು, ಮಧ್ಯಾಹ್ನ. ಮರುದಿನ ಕಪಾಟು ತೆರೆದ್ರಿ, ವರದಿ ಇಲ್ಲ ಅಂತ ಗೊತ್ತಾಯ್ತು. ಆರೋಪಪಟ್ಟಿಯಲ್ಲೂ ಹಾಗೆಯೇ ಉಂಟು. ಮೇ ಒಂಬತ್ತು.”

“ಹೌದು.”

ಎರಡನೆಯ ಹಾಳೆ. ಕಚೇರಿಯ ಕಂಪ್ಯೂಟರಿನಲ್ಲಿ ಯಾವ ಕಡತ ಯಾವಾಗ ಹುಟ್ಟಿತು, ಯಾರ ಕೈಗೆ ಹೋಯಿತು ಎಂಬ ಪಟ್ಟಿ. ಒಂದು ಸಾಲಿನ ಕೆಳಗೆ ಶಶಿಪ್ರಭಾ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

“ಇದು ಪ್ರೇಮನಾಥನ ಅಮಾನತು ಆದೇಶದ ಕರಡು. ‘ತಪಾಸಣಾ ವರದಿಯನ್ನು ನಿರ್ಲಕ್ಷ್ಯದಿಂದ ಕಳೆದುಕೊಂಡ ಕಾರಣ.’ ನಿಮ್ಮ ಲಾಗಿನ್‌ನಿಂದಲೇ ಮಾಡಿದ್ದು. ದಿನಾಂಕ ಓದಿ.”

ಆಳ್ವರು ಓದಲಿಲ್ಲ.

“ನಾನೇ ಓದ್ತೇನೆ. ಮೇ ಆರು. ಬೆಳಿಗ್ಗೆ ಒಂಬತ್ತು ಐವತ್ತೆರಡು. ಪೊಲೀಸರು ಕೇಳುವುದಕ್ಕೆ ಎರಡು ದಿನ ಮೊದಲು. ಕಪಾಟು ತೆರೆಯುವುದಕ್ಕೆ ಮೂರು ದಿನ ಮೊದಲು.”

ಹೊರಗೆ ಯಾರೋ ಟಪಾಲಿನ ಮೇಲೆ ಟಕಟಕನೆ ಮೊಹರು ಒತ್ತುತ್ತಿದ್ದರು. ಆಳ್ವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ವರದಿಯನ್ನು ತೆಗೆದದ್ದು ನೀವು,” ಎಂದರು ಶಶಿಪ್ರಭಾ. “ತೆಗೆದವನಿಗೆ ಮಾತ್ರ ಅದು ಇಲ್ಲ ಅಂತ ಗೊತ್ತಿರ್ತದೆ.”

“ಹೌದು. ತೆಗೆದವನಿಗೆ ಗೊತ್ತಿರ್ತದೆ.” ಆಳ್ವರು ಕುಳಿತರು. “ಅವನು ಯಾರಿಗಾದರೂ ಹೇಳಿದ್ರೆ ಅವರಿಗೂ ಗೊತ್ತಿರ್ತದೆ.”

“ಅಂದ್ರೆ ಎಂತ?”

“ಮೇ ಆರರ ಬೆಳಿಗ್ಗೆ ಎಂಟೂವರೆಗೆ ಪ್ರೇಮನಾಥ ನನ್ನ ಮನೆಗೆ ಬಂದಿದ್ದ. ಹಿಂದಿನ ದಿನ ತಂಗಿಯನ್ನು ಸುಟ್ಟು ಬಂದವನು. ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ಒಳಗೆ ಬಾ ಅಂದ್ರೆ ಬರಲಿಲ್ಲ. ಗೇಟಿನ ಹತ್ರವೇ ನಿಂತು, ‘ಸರ್, ಆ ಕಾಗದ ನಾನೇ ತಕೊಂಡು ಹೋಗಿದ್ದೆ’ ಅಂದ.”

“ಸುಳ್ಳು!”

ಆ ಮಾತು ಶಶಿಪ್ರಭಾ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಮೂರು ತಿಂಗಳಿಂದ ಅವರು ಕಟ್ಟಿದ ವಾದವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು: ಸತ್ತ ಕುಶಲಾ ಪ್ರೇಮನಾಥನ ಒಡಹುಟ್ಟಿದ ತಂಗಿ, ತಂಗಿಯ ಸಾವಿಗೆ ಸಾಕ್ಷಿಯಾಗುವ ಕಾಗದವನ್ನು ಯಾವ ಅಣ್ಣ ಮುಚ್ಚಿಡುತ್ತಾನೆ?

“ನನ್ನನ್ನು ನಂಬಬೇಡಿ,” ಎಂದರು ಆಳ್ವರು. “ಅವನ ಹತ್ರವೇ ಕೇಳಿ.”

“ಮತ್ತೆ ನೀವು ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕಳ್ಳತನ, ಸಾಕ್ಷ್ಯ ಮುಚ್ಚಿಟ್ಟದ್ದು. ವಜಾ ಆಗ್ತಿದ್ದ, ಜೈಲೂ ಆಗ್ತಿತ್ತು. ಕುಶಲಾಳ ಮಗಳಿಗೆ ಅಪ್ಪ ಇಲ್ಲ. ಅಮ್ಮನೂ ಹೋದಳು. ಮಾವನೂ ಜೈಲಿಗೆ ಹೋದ್ರೆ ಅವಳಿಗೆ ಯಾರು? ಅದಕ್ಕೆ ನಿರ್ಲಕ್ಷ್ಯ ಅಂತ ಬರೆದೆ. ನಿರ್ಲಕ್ಷ್ಯಕ್ಕೆ ಕಡ್ಡಾಯ ನಿವೃತ್ತಿ. ಕೆಲಸ ಹೋದ್ರೂ ಪಿಂಚಣಿ ಉಳೀತದೆ.”

“ಬರೀ ಕರುಣೆಯಾ ಮಹಾಬಲ?”

ಅವರು ತಲೆ ತಗ್ಗಿಸಿದರು. ಐವತ್ತೇಳು ವರ್ಷದ ದೊಡ್ಡ ಮೈಯ ಮನುಷ್ಯ ಕುರ್ಚಿಯಲ್ಲಿ ಕುಗ್ಗಿದಂತೆ ಕಂಡರು.

“ಇಲ್ಲ. ತಪಾಸಣೆ ಮಾಡಿದ ಮಾರ್ಸೆಲಿನ್ ಏಪ್ರಿಲ್ ಒಂಬತ್ತರಂದೇ ನನ್ನ ಹತ್ರ ಬಾಯಲ್ಲಿ ಹೇಳಿದ್ದ. ‘ಸರ್, ಅದನ್ನು ನಿಲ್ಲಿಸ್ಬೇಕು, ಪೈಪು ಪೂರ್ತಿ ಹೋಗಿದೆ’ ಅಂತ. ಕಾಗದ ಬರಲಿ, ನೋಡುವ ಅಂದೆ. ಕಾಗದ ಬರಲಿಲ್ಲ. ನಾನು ಕೇಳಲೂ ಇಲ್ಲ. ಇಪ್ಪತ್ತೈದು ದಿನ ಶಶಿಯಕ್ಕ! ಒಂದು ಸಲ ಬೆಲ್ಲು ಒತ್ತಿ ‘ಆ ವರದಿ ಎಲ್ಲುಂಟು’ ಅಂತ ಕೇಳಿದ್ದರೆ ಸಾಕಿತ್ತು.”

“ಹಾಗಾಗಿ ನಿಮಗೂ ಅದು ಕಾಣೆಯಾಗಿಯೇ ಇರ್ಬೇಕಿತ್ತು.”

“ಸುಟ್ಟು ಹಾಕು ಅಂದೆ. ಸಂಜೆ ಫೋನ್ ಮಾಡಿ ಸುಟ್ಟೆ ಅಂದ.”

ಶಶಿಪ್ರಭಾ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು. ಎದುರಿನವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ.

ಆರು ವರ್ಷದ ಹಿಂದೆ ಅವರು ಪೊಲೀಸ್ ಇನ್ಸ್‌ಪೆಕ್ಟರ್. ಒಂದು ಕಳ್ಳತನದ ಪ್ರಕರಣದಲ್ಲಿ ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಕುಳಿತು ಮಹಜರಿಗೆ ಸಹಿ ಹಾಕಿದ್ದರು. ಆ ಸಹಿಯ ಬಲದಿಂದ ಏನೂ ತಪ್ಪು ಮಾಡದ ಒಬ್ಬ ಪೇಂಟರ್ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಕಡ್ಡಾಯ ನಿವೃತ್ತಿಯ ಆದೇಶ ಬಂದಾಗ ಶಶಿಪ್ರಭಾ ಮೇಲ್ಮನವಿ ಹಾಕಲಿಲ್ಲ. ಸಂಬಂಧಿಕರ ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಅಲ್ಲಿಂದೀಚೆಗೆ ವಿಚಾರಣೆಗೆ ಸಿಕ್ಕಿದವರ ಪಕ್ಕ ಕುಳಿತುಕೊಳ್ಳತೊಡಗಿದ್ದರು.

ಪ್ರೇಮನಾಥ ನಿರಪರಾಧಿ ಎಂದು ಅವರಿಗೆ ಯಾರೂ ಸಾಬೀತು ಮಾಡಿ ತೋರಿಸಿರಲಿಲ್ಲ. ಒಬ್ಬನಾದರೂ ನಿರಪರಾಧಿ ಇರಲಿ ಎಂದು ಅವರೇ ಬಯಸಿದ್ದರು. ಈ ಸಲವೂ ಸ್ಥಳಕ್ಕೆ ಹೋಗದೆಯೇ ಮನಸ್ಸಿನಲ್ಲಿ ಸಹಿ ಹಾಕಿಬಿಟ್ಟಿದ್ದರು.

*

ಪ್ರೇಮನಾಥ ಎಲ್ಲಿರುತ್ತಾನೆಂದು ಅವರಿಗೆ ಗೊತ್ತಿತ್ತು. ಅಮಾನತಾದ ಮರುದಿನದಿಂದ ಅವನು ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಊಟದ ಡಬ್ಬಿ ಚೀಲದಲ್ಲಿಟ್ಟುಕೊಂಡು, ತಣ್ಣೀರುಬಾವಿಯ ಮನೆಯಿಂದ ಹೊರಡುತ್ತಿದ್ದ. ಎರಡು ಬಸ್ಸು ಬದಲಿಸಿ ಬಿಕರ್ನಕಟ್ಟೆಯಲ್ಲಿ ಇಳಿದು, ಬಾಲಯೇಸುವಿನ ಪುಣ್ಯಕ್ಷೇತ್ರದ ಅಂಗಳದಲ್ಲಿ ನೆರಳಿರುವ ಬೆಂಚಿನಲ್ಲಿ ಸಂಜೆಯವರೆಗೆ ಕೂರುತ್ತಿದ್ದ. ಅಲ್ಲಿ ದಿನವೂ ಹೊಸ ಮುಖಗಳು. ಹರಕೆಗೆ ಬಂದವರ ನಡುವೆ ಒಬ್ಬ ಸುಮ್ಮನೆ ಕುಳಿತಿದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ.

ಶಶಿಪ್ರಭಾ ಪಕ್ಕದಲ್ಲಿ ಬಂದು ಕುಳಿತಾಗ ಅವನು ಡಬ್ಬಿ ತೊಳೆದು ಮುಚ್ಚಳ ಹಾಕುತ್ತಿದ್ದ.

“ಆಳ್ವರ ಹತ್ರ ಹೋಗಿ ಬಂದೆ ಪ್ರೇಮನಾಥ.”

ಮುಚ್ಚಳ ಹಾಕುವ ಕೈ ನಿಂತಿತು. ಅವರ ಮುಖ ನೋಡಿದ. ಇನ್ನೇನೂ ಕೇಳಬೇಕಾಗಲಿಲ್ಲ.

“ಸರ್ ಹೇಳಿದ್ರಾ?”

“ಹೇಳಿದ್ರು. ಈಗ ನೀವು ಹೇಳಿ. ಯಾಕೆ?”

ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿದ. ಆಮೇಲೆ ಹೇಳತೊಡಗಿದ. ಧ್ವನಿ ಏರಲಿಲ್ಲ, ಇಳಿಯಲಿಲ್ಲ.

“ಮಾರ್ಸೆಲಿನ್ ಸರ್ ತಪಾಸಣೆಗೆ ಹೋದ ದಿನ ಕೆಲಸದ ಹೆಂಗಸರ ಹೇಳಿಕೆ ತಕೊಂಡಿದ್ರು. ಕಾರ್ಖಾನೆ ನಿಲ್ತದೆ ಅಂತ ಅವರಿಗೆ ಗೊತ್ತಾಯ್ತು. ಮರುದಿನ ನಮ್ಮ ಅಂಗಳಕ್ಕೆ ಬಂದ್ರು. ಇಪ್ಪತ್ತು ಇಪ್ಪತ್ತೈದು ಜನ ಮೇಡಂ, ಎಲ್ಲ ನಮ್ಮ ಕಡಲ ಬದಿಯವರೇ. ಎದುರಿಗೆ ಕುಶಲಾ. ‘ಅಣ್ಣ, ಮೇ ತಿಂಗಳು ಕಳೆದ್ರೆ ಮೀನಿನ ಸೀಸನ್ ಮುಗೀತದೆ. ಆಗ ಹೇಗೂ ಬಂದ್. ಅಲ್ಲಿಯವರೆಗೆ ಆ ಕಾಗದ ಮೇಲೆ ಹೋಗದ ಹಾಗೆ ನೋಡ್ಕೋ’ ಅಂದಳು.”

“ನೀವು ಒಪ್ಪಿದ್ರಿ.”

“ಮೊದಲು ಬೈದೆ. ‘ನೀನು ಸರ್ಕಾರಿ ಕುರ್ಚಿಯಲ್ಲಿ ಕೂತವ, ನಿನಗೆಂತ ಗೊತ್ತು’ ಅಂದಳು. ಅಷ್ಟಕ್ಕೆ ಒಪ್ಪಿದೆ. ಐವತ್ತು ದಿನ ಒಂದು ಕಾಗದ ಮಲಗಿದ್ರೆ ಎಂತ ಆಗ್ತದೆ ಮೇಡಂ? ನಮ್ಮ ಕಚೇರಿಯಲ್ಲಿ ಕಾಗದ ವರ್ಷಗಟ್ಟಲೆ ಮಲಗ್ತದೆ. ಯಾರೂ ಸಾಯುದಿಲ್ಲ. ಹಾಗಂತ ಅಂದ್ಕೊಂಡೆ.”

ಒಂದು ಕುಟುಂಬ ಮೇಣದ ಬತ್ತಿ ಹಿಡಿದು ಅವರ ಮುಂದಿನಿಂದ ಹಾದುಹೋಯಿತು.

“ಮನೆಯಲ್ಲಿ ಕೂತ್ರೆ ನೆರೆಕರೆಯವರ ಬಾಯಿಗೆ ಬೀಳ್ಬೇಕು, ಅದಕ್ಕೆ ಇಲ್ಲಿ ಬರುದು ಅಂತ ಹೇಳಿದ್ರಲ್ಲ ನೀವು,” ಎಂದರು ಶಶಿಪ್ರಭಾ.

“ಅದೂ ಸುಳ್ಳೇ. ನೆರೆಕರೆ ಅಲ್ಲ. ತೃಷಾ.”

ಕುಶಲಾಳ ಮಗಳು ತೃಷಾ ಅಮ್ಮ ಸತ್ತ ಮೇಲೆ ಮಾವನ ಮನೆಯಲ್ಲೇ ಇದ್ದಳು. ಅತ್ತಾವರದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಕೊನೆಯ ವರ್ಷ.

“ನಮಗೆ ಮಕ್ಕಳಿಲ್ಲ. ಇದ್ದಿದ್ದರೂ ನಮ್ಮಲ್ಲಿ ತಂಗಿಯ ಮಕ್ಕಳೇ ಮೊದಲು, ಅವರಿಂದಲೇ ಕುಟುಂಬ. ಅವಳು ಊಟಕ್ಕೆ ಬಡಿಸುವಾಗ ‘ಮಾವ, ಇನ್ನು ಸ್ವಲ್ಪ ಸಾರು ಹಾಕ್ಲಾ’ ಅಂತ ಕೇಳ್ತಾಳೆ. ನಾನು ಬಟ್ಟಲು ನೋಡ್ತೇನೆ ಮೇಡಂ. ಒಂಬತ್ತು ತಿಂಗಳಾಯ್ತು, ಅವಳ ಮುಖ ನೋಡಿ ಮಾತಾಡಿಲ್ಲ. ಕಡ್ಡಾಯ ನಿವೃತ್ತಿ ಆಗಲಿ ಅಂತಲೇ ಇದ್ದೆ. ಯಾರಾದರೂ ಎಂತದಾದರೂ ಒಂದು ಶಿಕ್ಷೆ ಕೊಡಲಿ ಅಂತ.”

“ಮತ್ತೆ ನನ್ನನ್ನು ಯಾಕೆ ಕರೆದದ್ದು?”

“ಕರೆದದ್ದು ವಾರಿಜಾಕ್ಷಿ. ಹೆಂಡತಿ ನಂಬಿಕೆಯಿಂದ ಓಡಾಡುವಾಗ ಬೇಡ ಅಂತ ಹೇಗೆ ಹೇಳುದು?”

ಶಶಿಪ್ರಭಾ, “ಸುಟ್ಟು ಹಾಕಿದ್ದು ಯಾವಾಗ?” ಎಂದರು.

ಪ್ರೇಮನಾಥ ತಲೆ ಎತ್ತಿ ಅವರನ್ನು ನೋಡಿದ.

“ಸುಡಲಿಲ್ಲ. ಕೊನೆಯ ಪುಟದಲ್ಲಿ ಹೆಂಗಸರ ಹೇಳಿಕೆ ಉಂಟು. ‘ಪೈಪಿನ ಹತ್ತಿರ ಹೋದರೆ ಕಣ್ಣು ಉರಿಯುತ್ತದೆ, ಮ್ಯಾನೇಜರಿಗೆ ಹೇಳಿದ್ದೇವೆ.’ ಕೆಳಗೆ ಕುಶಲಾಳ ಸಹಿ. ಅವಳು ಸಹಿ ಹಾಕುವಾಗ ಒಂದೊಂದೇ ಅಕ್ಷರ ಬಿಡಿಸಿ ಬರೀತಿದ್ದಳು. ಅದನ್ನು ಹೇಗೆ ಸುಡುದು ಮೇಡಂ?”

“ಮ್ಯಾನೇಜರನ ಸಹಿ?”

“ಅದೂ ಉಂಟು. ಅಪಾಯದ ವಿಷಯ ತಿಳಿಯಿತು ಅಂತ ಬರೆದು ಸಹಿ ಹಾಕಿದ್ದಾನೆ.”

ಶಶಿಪ್ರಭಾ ಬೆಂಚಿನಿಂದ ಎದ್ದರು. ತಮಗೆ ಯಾವ ಎಚ್ಚರಿಕೆಯೂ ಸಿಕ್ಕಿರಲಿಲ್ಲ ಎಂಬ ಒಂದೇ ಮಾತಿನಿಂದ ಕಾರ್ಖಾನೆಯವರು ಇಷ್ಟು ದಿನ ಪಾರಾಗಿದ್ದರು. ಮಾರ್ಸೆಲಿನ್ ಎಷ್ಟು ಹೇಳಿದರೂ ಕೈಬರಹದ ಆ ವರದಿಗೆ ಬೇರೆ ಪ್ರತಿ ಇರಲಿಲ್ಲ.

“ನೋಡಿ ಪ್ರೇಮನಾಥ, ಸರಿಯಾಗಿ ಕೇಳಿಸ್ಕೊಳ್ಳಿ. ಆ ವರದಿಯನ್ನು ನಾಳೆ ಆಯುಕ್ತರ ಮೇಜಿನ ಮೇಲೆ ಇಟ್ರೆ ನಿಮಗೆ ಕಡ್ಡಾಯ ನಿವೃತ್ತಿ ಅಲ್ಲ, ವಜಾ. ಪಿಂಚಣಿ ಇಲ್ಲ. ಕ್ರಿಮಿನಲ್ ಕೇಸು ಬೀಳ್ತದೆ. ಆಳ್ವರಿಗೂ ಉಳಿಗಾಲ ಇಲ್ಲ. ಆದ್ರೆ ಕುಶಲಾಳ ಕೇಸು ಮತ್ತೆ ತೆರೀತದೆ.”

“ಇಡುವ,” ಎಂದ ಪ್ರೇಮನಾಥ. “ಆದ್ರೆ ಇವತ್ತು ಸಂಜೆ ತೃಷಾಳಿಗೆ ಮೊದಲು ನಾನೇ ಹೇಳ್ಬೇಕು. ನಾಳೆ ಪೇಪರಿನಲ್ಲಿ ನೋಡಿ ಅವಳಿಗೆ ಗೊತ್ತಾಗ್ಬಾರದು. ನೀವು ಜೊತೆಯಲ್ಲಿ ಇರ್ತೀರಾ?”

*

ತಣ್ಣೀರುಬಾವಿ ತಲುಪುವಾಗ ಸಂಜೆ ಐದು ಗಂಟೆ. ಅಂಗಳದಲ್ಲಿ ಒಣಗಲು ಹಾಕಿದ್ದ ಮೀನನ್ನು ವಾರಿಜಾಕ್ಷಿ ಗೋಣಿಗೆ ತುಂಬುತ್ತಿದ್ದಳು. ಗಂಡ ಹೊತ್ತಿಗೆ ಮೊದಲೇ, ಅದೂ ಶಶಿಪ್ರಭಾರ ಕಾರಿನಲ್ಲಿ ಬಂದದ್ದನ್ನು ಕಂಡು ಕೈ ಒರೆಸಿಕೊಳ್ಳುತ್ತ ಎದ್ದಳು.

“ಎಂತ ಮೇಡಂ? ಒಳ್ಳೆ ಸುದ್ದಿಯಾ?”

ಪ್ರೇಮನಾಥ ಅವಳ ಕಣ್ಣು ತಪ್ಪಿಸಿ ಒಳಗೆ ನಡೆದ. ಏಣಿ ಇಟ್ಟು ಅಟ್ಟಕ್ಕೆ ಹತ್ತಿದ. ಕಬ್ಬಿಣದ ಟ್ರಂಕು ಎಳೆದ ಸದ್ದು, ಬೀಗ ತೆಗೆದ ಸದ್ದು. ಕಂದು ಬಣ್ಣದ ಉದ್ದನೆಯ ಲಕೋಟೆ ಹಿಡಿದು ಇಳಿದು ಬಂದು ಅದನ್ನು ಶಶಿಪ್ರಭಾರ ಕೈಗೆ ಕೊಟ್ಟ. ಮುಟ್ಟಿದ್ದು ಕೆಂಡವೇನೋ ಎಂಬಂತೆ ಕೈಯನ್ನು ಶರ್ಟಿಗೆ ಉಜ್ಜಿಕೊಂಡ.

ಶಶಿಪ್ರಭಾ ಲಕೋಟೆಯ ಬಾಯಿ ಬಿಡಿಸಿದರು.

ಒಳಗಿದ್ದದ್ದು ನಾಲ್ಕಾಗಿ ಮಡಚಿದ ಹಳೆಯ ಪತ್ರಿಕೆಯ ಹಾಳೆಗಳು. ಬೇರೇನೂ ಇರಲಿಲ್ಲ.

“ಇದಲ್ಲ,” ಎಂದ ಪ್ರೇಮನಾಥ. “ಇದರಲ್ಲೇ ಇಟ್ಟಿದ್ದೆ ನಾನು. ಇದರಲ್ಲೇ!”

ಅವನು ಮತ್ತೆ ಏಣಿ ಹತ್ತಿದ. ಟ್ರಂಕಿನ ಬಟ್ಟೆಗಳು, ಹಳೆಯ ಕಾಗದಗಳು ಒಂದೊಂದಾಗಿ ಕೆಳಗೆ ಬಿದ್ದವು. ಹಾಗೆ ಬೀಳುತ್ತಿರುವಾಗಲೇ ಬಾಗಿಲಲ್ಲಿ ತೃಷಾ ಬಂದು ನಿಂತಳು. ಕಾಲೇಜಿನ ಬಿಳಿ ಕೋಟು ಕೈಯಲ್ಲಿ ಮಡಚಿಕೊಂಡಿದ್ದಳು. ನೆಲದ ಮೇಲೆ ಬಿದ್ದದ್ದನ್ನು ನೋಡಿದಳು. ಶಶಿಪ್ರಭಾರ ಕೈಯಲ್ಲಿದ್ದ ಲಕೋಟೆಯನ್ನೂ ನೋಡಿದಳು.

“ಮಾವ, ಹುಡುಕ್ಬೇಡಿ. ಕೆಳಗೆ ಇಳೀರಿ.”

ಪ್ರೇಮನಾಥ ಏಣಿಯ ನಡುವಿನ ಮೆಟ್ಟಿಲಲ್ಲಿ ಹಾಗೆಯೇ ನಿಂತ.

“ಅದನ್ನು ನವೆಂಬರಿನಲ್ಲೇ ನಾನು ತೆಗೆದಿದ್ದೆ. ಅಮ್ಮನ ಆಧಾರ್ ಕಾರ್ಡು ಬೇಕಿತ್ತು, ನಿಮ್ಮ ಟ್ರಂಕಿನಲ್ಲಿ ಇರಬಹುದು ಅಂತ ನೋಡಿದೆ. ಓದಿದೆ. ಅಮ್ಮನ ಸಹಿ ಉಂಟು ಅದರಲ್ಲಿ.”

“ಮೂರು ತಿಂಗಳಿಂದ ನಿನಗೆ ಗೊತ್ತುಂಟಾ?” ಎಂದರು ಶಶಿಪ್ರಭಾ. “ಮತ್ತೆ ಯಾಕಮ್ಮ ಸುಮ್ಮನಿದ್ದೆ?”

ತೃಷಾ ಅವರ ಕಡೆಗೆ ತಿರುಗಲಿಲ್ಲ. ಮಾವನನ್ನೇ ನೋಡುತ್ತ ಹೇಳಿದಳು.

“ನೀವೇ ಹೇಳ್ತೀರಿ ಅಂತ ಕಾದೆ. ದಿನಾ ಬಡಿಸುವಾಗ, ಇವತ್ತು ತಲೆ ಎತ್ತಿ ಹೇಳ್ತಾರೆ ಅಂತ ಅಂದ್ಕೊಳ್ತಿದ್ದೆ. ಅಮ್ಮ ನಿಮ್ಮ ಹತ್ರ ಬಂದು ಕೇಳಿದ್ದು ನನಗೂ ಗೊತ್ತುಂಟು ಮಾವ. ಅವಳ ಹಠ ನನಗೆ ಗೊತ್ತಿಲ್ವಾ? ನೀವು ಹೇಳಿದ್ರೆ ನಾನು ಅಳ್ತಿದ್ದೆ, ಬೈತಿದ್ದೆ. ಮುಗೀತಿತ್ತು.”

ಪ್ರೇಮನಾಥ ಏಣಿಯಿಂದ ಇಳಿದು ನೆಲದ ಮೇಲೆ, ಆ ಕಾಗದಗಳ ನಡುವೆಯೇ ಕುಸಿದು ಕುಳಿತ. ಎರಡು ಕೈಯಿಂದ ಮುಖ ಮುಚ್ಚಿಕೊಂಡ.

“ಈಗ ಎಲ್ಲುಂಟು ಅದು ತೃಷಾ?” ಶಶಿಪ್ರಭಾ ಅವಸರದಿಂದ ಕೇಳಿದರು. “ನಾಳೆ ಹನ್ನೊಂದಕ್ಕೆ ಅದು ಬೇಕು. ನಿನ್ನ ಮಾವ ಎಲ್ಲ ಒಪ್ಪಿಕೊಳ್ಳಲಿಕ್ಕೆ ತಯಾರಿದ್ದಾರೆ.”

ಹುಡುಗಿಯ ಮುಖದಿಂದ ಬಣ್ಣ ಇಳಿಯಿತು.

“ಇವತ್ತಾ? ಇವತ್ತು ಹೇಳ್ಬೇಕು ಅಂತ ಇದ್ರಾ ಮಾವ?”

“ಎಲ್ಲುಂಟು ಅಂತ ಹೇಳಮ್ಮ.”

“ಕೊಟ್ಟುಬಿಟ್ಟೆ.” ತೃಷಾಳ ಮಾತು ತುಂಡುತುಂಡಾಗಿ ಬಂತು. “ಮಧ್ಯಾಹ್ನ ಕಾರ್ಖಾನೆಯ ಮ್ಯಾನೇಜರ್ ಕಾಲೇಜಿನ ಗೇಟಿಗೆ ಬಂದಿದ್ದ. ‘ನಿನ್ನ ಮಾವನ ಅಟ್ಟದ ಟ್ರಂಕಿನಲ್ಲಿ ಒಂದು ಕಾಗದ ಉಂಟು. ಅದು ನಾಳೆ ಹೊರಗೆ ಬಂದ್ರೆ ಅವರು ಜೈಲಿಗೆ ಹೋಗ್ತಾರೆ. ನಮಗೆ ತಂದು ಕೊಟ್ರೆ ಅವರ ಹೆಸರು ಎಲ್ಲಿಯೂ ಬರುದಿಲ್ಲ’ ಅಂದ. ಅದು ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದು ಕೊಟ್ಟೆ.” ಅವಳು ಬಾಗಿಲ ದಾರಂದವನ್ನು ಹಿಡಿದುಕೊಂಡಳು. “ಅಮ್ಮ ಹೋಗಿ ಆಯ್ತು. ನೀವಾದರೂ ಇರಿ ಅಂತ ಕೊಟ್ಟೆ ಮಾವ.”

ಶಶಿಪ್ರಭಾರ ಕೈಯಲ್ಲಿ ಲಕೋಟೆ ಮುದುಡಿತು. ಆ ಒಂದು ಕಾಗದ ಹೋಯಿತು. ಆದರೆ ಅವರೊಳಗಿನ ಪೊಲೀಸು ಬೇರೆಯೇ ಒಂದು ಮಾತಿಗೆ ಸಿಕ್ಕಿಕೊಂಡಿತ್ತು. ಕಾಗದ ಸುಟ್ಟುಹೋಗಿದೆ ಎಂದೇ ಆಳ್ವರು ನಂಬಿದ್ದರು. ಕಾರ್ಖಾನೆಯವನಿಗೆ ಅಟ್ಟ ಗೊತ್ತು, ಟ್ರಂಕು ಗೊತ್ತು.

“ಪ್ರೇಮನಾಥ, ಟ್ರಂಕಿನ ವಿಷಯ ನೀವು ಯಾರ ಹತ್ರ ಹೇಳಿದ್ದಿರಿ?”

“ಯಾರ ಹತ್ರವೂ ಹೇಳಲಿಲ್ಲ ಮೇಡಂ. ದೇವರಾಣೆ.”

“ಅವರು ಹೇಳಲಿಲ್ಲ.”

ವಾರಿಜಾಕ್ಷಿ ಯಾವಾಗ ಒಳಗೆ ಬಂದಿದ್ದಳೋ ಯಾರೂ ಗಮನಿಸಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. ಗಂಡನ ಕಡೆಗೂ, ಹುಡುಗಿಯ ಕಡೆಗೂ ನೋಡಲಿಲ್ಲ.

“ಬಚ್ಚಿಟ್ಟ ದಿನವೇ ನಾನು ನೋಡಿದ್ದೆ. ಆಳ್ವರ ಮೇಲೆ ಹಾಕಿ ಇವರನ್ನು ಬಿಡಿಸ್ತೀರಿ ಅಂತ ನಿಮ್ಮಲ್ಲಿಗೆ ಬಂದೆ ಮೇಡಂ. ನೀವು ಹೋದ ವಾರ, ‘ಆ ಕಾಗದವನ್ನು ಎಲ್ಲಿದ್ದರೂ ಹುಡುಕಿ ತೆಗೀತೇನೆ’ ಅಂದ್ರಿ. ಅದು ಸಿಕ್ಕಿದ್ರೆ ಇವರಿಗೆ ಜೈಲು, ಅದನ್ನು ನಾನೇ ಸುಡುವ ಧೈರ್ಯವೂ ಬರಲಿಲ್ಲ. ನಿಮ್ಮನ್ನು ಕರೆದದ್ದೂ ನಾನೇ. ಕಾರ್ಖಾನೆಗೆ ಫೋನ್ ಮಾಡಿದ್ದೂ ನಾನೇ.”